ಸುಗಂಧಾ ಪೇಟಿಗೆ ಕುಳಿತ ವರ್ಷ

ಹುಬ್ಬಳ್ಳಿ, 2194ನೇ ಇಸವಿ, ಎರಡನೇ ಬೇಸಿಗೆಯ ಹನ್ನೊಂದನೇ ದಿನ

ನನಗಿಂತ ನೂರೆಪ್ಪತ್ತು ವರ್ಷ ಹಿಂದಿರುವ ಅಭಿಮಾನಿಗಳಿಗೆ ಇಂದ್ರಾಬಾಯಿ ಕಮಡೊಳ್ಳಿಯ ನಮಸ್ಕಾರ. ತಾರೀಖು ನೋಡಿ ನಗಬೇಡಿ. ವರ್ಷಕ್ಕೆ ಎರಡು ಬೇಸಿಗೆ ಬರತೊಡಗಿ ನಮಗೆ ಬಹಳ ಕಾಲವಾಯಿತು. ನಿಮಗೆ ಗೊತ್ತಿಲ್ಲದ ಪದ ಬಂದರೆ ಕ್ಷಮಿಸಿ, ಬಂದಲ್ಲಿಯೇ ಬಿಡಿಸಿ ಹೇಳುತ್ತೇನೆ. ನಿಮ್ಮ ಕಾಲದ ಬ್ಯಾಂಡುಗಳ ಸಂಗೀತ ನಮ್ಮವರೆಗೆ ಬಂದದ್ದು ಕಡಿಮೆ. ಅಭಿಮಾನಿಗಳ ಜಗಳ ಮಾತ್ರ ಸಾವಿರಾರು ಪುಟ ಉಳಿದಿದೆ. ಹಳೆಯ ಡ್ರಮ್ಮರ್ ಇದ್ದಾಗ ಚೆನ್ನಾಗಿತ್ತು, ಹೊಸಬ ಬಂದು ಕೆಡಿಸಿದ, ಇಂಥವು. ಅವನ್ನು ಓದುತ್ತ ಕೂತಾಗ ನನಗೆ ಈ ಪತ್ರ ಬರೆಯಬೇಕೆನಿಸಿತು. ಅಂಥದೊಂದು ಜಗಳದಲ್ಲಿ ನಾನೊಂದು ಕೆಟ್ಟ ಕೆಲಸ ಮಾಡಿದ್ದೇನೆ.

ನಮ್ಮ ಬ್ಯಾಂಡಿನ ಹೆಸರು ತಿರುಗಾಟ. ಗಿಟಾರ್, ಬೇಸ್, ಡ್ರಮ್ಸ್ ಮತ್ತು ಪೇಟಿ, ಅಂದರೆ ಹಾರ್ಮೋನಿಯಂ. ಒಂದು ಹಾಡು ಎತ್ತಿಕೊಂಡರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನುಡಿಸುವವರಿಗೂ ಗೊತ್ತಿರುತ್ತಿರಲಿಲ್ಲ. ಐದು ನಿಮಿಷದ ಹಾಡು ಒಂದೊಂದು ದಿನ ಒಂದೂವರೆ ತಾಸು ಹರಿಯುತ್ತಿತ್ತು. ಬಿಸಿಲಿನ ಕಾರಣಕ್ಕೆ ನಮ್ಮಲ್ಲಿ ಸಂಗೀತ ಕಚೇರಿಗಳೆಲ್ಲ ಬೆಳಗಿನ ಐದಕ್ಕೆ ಆರಂಭವಾಗಿ ಎಂಟಕ್ಕೆ ಮುಗಿಯುತ್ತವೆ. ಜನ ಕೂರುವುದು ತಂಪುಗುಂಡಿಯಲ್ಲಿ. ಮೂರಾಳು ಆಳ ನೆಲ ಅಗೆದು, ಸುತ್ತ ಮೆಟ್ಟಿಲು ಕಟ್ಟಿದ ಬಯಲು ಅದು. ಐದನೇ ಮೆಟ್ಟಿಲಿನಲ್ಲಿ ನಾನು ಮತ್ತು ನನ್ನ ಗೆಳತಿ ಸುಗಂಧಾ ಸವಣೂರ ಹತ್ತೊಂಬತ್ತು ವರ್ಷ ಅಕ್ಕಪಕ್ಕ ಕೂತು ಕೇಳಿದೆವು. ಒಂದೇ ಡಬ್ಬಿಯ ಅವಲಕ್ಕಿ ತಿಂದೆವು. ಪೇಟಿ ಕಲಿತದ್ದೂ ಒಬ್ಬರೇ ಗುರುಗಳ ಹತ್ತಿರ. ನಾನು ದಿನಕ್ಕೆ ನಾಲ್ಕು ತಾಸು ರಿಯಾಜು ಮಾಡುತ್ತಿದ್ದೆ. ಅವಳು ಮನಸ್ಸಾದಾಗ ಕೂರುತ್ತಿದ್ದಳು, ನನಗಿಂತ ಚೆನ್ನಾಗಿ ನುಡಿಸುತ್ತಿದ್ದಳು.

ಇಪ್ಪತ್ತಾರು ವರ್ಷ ಪೇಟಿ ನುಡಿಸಿದ ವಾಸಣ್ಣ ಒಂದು ದಿನ ಸಾಕೆಂದು ಎದ್ದುಬಿಟ್ಟರು. ಆಗ ನಮ್ಮ ಕಟ್ಟೆ ಹೊತ್ತಿಕೊಂಡಿತು. ಕಟ್ಟೆಯೆಂದರೆ ಕಚೇರಿ ಮುಗಿದ ಮೇಲೆ ಅಭಿಮಾನಿಗಳು ಸೇರಿ ವಾದ ಮಾಡುವ ಸಭೆ. ಪೇಟಿಯೇ ಬೇಡ ಎಂದರು ಕೆಲವರು. ವಾಸಣ್ಣ ಇಲ್ಲದ್ದು ತಿರುಗಾಟವೇ ಅಲ್ಲ ಎಂದರು ಉಳಿದವರು. ಮೂರು ವಾರ ನಾನು ಬಾಯಿ ಬಿಡಲಿಲ್ಲ. ನನ್ನನ್ನು ಕರೆಯುತ್ತಾರೆಂದು ಕಾಯುತ್ತಿದ್ದೆ. ನಾಲ್ಕನೇ ವಾರ ಗಿಟಾರಿನ ದಾದಾಪೀರ ಕಾಕಾ ಹೊಸ ಹೆಸರು ಹೇಳಿದರು: ಸುಗಂಧಾ.

ಅವಳು ನನ್ನ ಕೈ ಹಿಡಿದು, "ಇಂದ್ರಾ, ನನಗ ಅಂಜಿಕಿ ಆಗೇತಿ, ನೀ ಬಾಜೂಕ ಇರು" ಎಂದಳು. ನಾನು ನಕ್ಕೆ.

ಅದಕ್ಕೂ ಎರಡು ವರ್ಷ ಹಿಂದೆ ಅವಳು ನನಗೊಬ್ಬಳಿಗೇ ಒಂದು ಮಾತು ಹೇಳಿದ್ದಳು. ಅವಳ ಎಡಗಿವಿ ಪೂರ್ತಿ ಹೋಗಿತ್ತು. ಕಾಕಾ ಅವಳ ಹೆಸರು ಹೇಳಿದ ಮರುವಾರ ಕಟ್ಟೆಯಲ್ಲಿ ನೂರೈವತ್ತು ಜನರೆದುರು ಎದ್ದು ನಿಂತೆ. "ಒಬ್ಬರನ್ನೊಬ್ಬರು ಕೇಳಿ ನುಡಿಸೂ ಬ್ಯಾಂಡಿದು. ಅರ್ಧಾ ಕಿವುಡೀನ ಹೆಂಗ ಕುಂಡ್ರಸ್ತೀರಿ?" ಎಂದೆ. ಬ್ಯಾಂಡಿನ ಒಳಿತಿಗಾಗಿ ಹೇಳುತ್ತಿದ್ದೇನೆ ಎಂದೂ ಸೇರಿಸಿದೆ.

ದಾದಾಪೀರ ಕಾಕಾ ಸಿಟ್ಟಾಗಲಿಲ್ಲ. "ಗೊತ್ತೈತಿ ಬೇ. ಅಕಿ ಮೊದಲನೇ ದಿನಾನ ಹೇಳ್ಯಾಳ. ನಾವೆಲ್ಲಾ ಅಕಿ ಬಲಕ್ಕ ಬರೂ ಹಂಗ ಜಾಗಾ ಬದಲಿ ಮಾಡೇವಿ" ಎಂದರು. ಸುಗಂಧಾ ಮೆಟ್ಟಿಲು ಹತ್ತಿ ನನ್ನ ಹತ್ತಿರ ಬಂದಳು.

"ಅಲ್ಲಿ ನೀ ಕುಂಡ್ರಬೇಕಂತ ಇತ್ತೇನ?"

"ಹೌದು" ಎಂದೆ.

"ಹಂಗಂತ ನನಗ ಹೇಳಬೇಕಿತ್ತು. ಊರಿಗೆಲ್ಲಾ ನನ್ನ ಕಿವಿ ಸುದ್ದಿ ಹೇಳೂಕಿಂತ ಅದು ಸಣ್ಣ ಮಾತಿತ್ತು."

ಅವಳು ನನ್ನ ಜೊತೆ ಆಡಿದ ಕೊನೆಯ ಮಾತು ಅದು. ಮುಂದಿನ ಕಚೇರಿಯಲ್ಲಿ ಅವಳ ಪೇಟಿ ಮೊದಲು ಹಿಂದೆ ಹಿಂದೆ ಉಳಿಯಿತು. ನನಗೆ ಖುಷಿಯಾಯಿತು, ಸುಳ್ಳು ಹೇಳಲಾರೆ. ಆಮೇಲೆ ಗಿಟಾರು ದಾರಿ ಕಾಣದೆ ಒಂದೇ ಕಡೆ ಸುತ್ತುತ್ತಿದ್ದಾಗ ಅವಳು ಒಂದು ಸ್ವರ ಹಿಡಿದು ನಿಂತಳು. ಬಿಡಲೇ ಇಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಆ ಸ್ವರಕ್ಕೆ ಬಂದು ಸೇರಿದರು, ಅಲ್ಲಿಂದ ಹಾಡು ಎದ್ದಿತು. ವಾಸಣ್ಣನ ಕಟ್ಟಾ ಪಕ್ಷದವರೂ ಎದ್ದು ನಿಂತು ಕೂಗಿದರು. ನಾನು ಎರಡು ತಪ್ಪು ಕಂಡುಹಿಡಿದು ಬರೆದುಕೊಂಡೆ.

ಹನ್ನೊಂದು ವರ್ಷ ಅವಳು ನುಡಿಸಿದಳು. ಒಂದು ಕಚೇರಿಯನ್ನೂ ನಾನು ತಪ್ಪಿಸಲಿಲ್ಲ, ಒಂದು ಸಲವೂ ಹೋಗಿ ಮಾತಾಡಿಸಲಿಲ್ಲ. ಹೋದ ಮಳೆಗಾಲದಲ್ಲಿ ತೀರಿಕೊಂಡಳು. ಈಗ ಪೇಟಿಗೆ ಬೇರೊಬ್ಬರಿದ್ದಾರೆ. ಕಟ್ಟೆಯಲ್ಲಿ ಸುಗಂಧಾ ಇದ್ದಾಗಿನ ತಿರುಗಾಟವೇ ತಿರುಗಾಟ ಎಂದು ಜಗಳ ನಡೆದಿದೆ. ಹಳಬಳೆಂದು ನನ್ನನ್ನು ಸಾಕ್ಷಿಗೆ ಕರೆಯುತ್ತಾರೆ. ನಾನು ಹೌದೆನ್ನುತ್ತೇನೆ. ಅದು ನಿಜ. ಮನೆಗೆ ಬಂದು ಆ ಎರಡು ತಪ್ಪನ್ನು ಇನ್ನೊಮ್ಮೆ ಓದುತ್ತೇನೆ.

ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಹೊಸಬರು ಬಂದಾಗ ಜಗಳ ಮಾಡಿ, ಬೇಕಾದಷ್ಟು ಬರೆಯಿರಿ, ನಮಗೆ ಓದಲು ಸಿಗುತ್ತದೆ. ಆದರೆ ಆ ಜಾಗದ ಮೇಲೆ ನಿಮಗೇ ಆಸೆಯಿದ್ದರೆ ಸಭೆಗೆ ಹೋಗುವ ಮೊದಲು ಅಲ್ಲಿ ಕೂತವರ ಮನೆಗೆ ಹೋಗಿ. ಬಾಗಿಲು ತೆರೆದವರಿಗೆ ನೇರವಾಗಿ ಹೇಳಿ: ನನಗೆ ಹೊಟ್ಟೆಕಿಚ್ಚಾಗುತ್ತಿದೆ.