ಒಂದೇ ಬಸ್ಸಿನ ಶಾಲೆಗಳು

ಮಾಗಡಿ
೧೨-೮-೨೦೦೬

ಪ್ರೀತಿಯ ಅಪ್ಪ,

ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಬಾಟಲಿಯನ್ನು ಗೂಡಿನಲ್ಲಿಟ್ಟು ನೋಡುತ್ತಾ ಕೂತಿದ್ದೀಯೋ? ಮನೆಯ ರೇಷ್ಮೆ ಹುಳುಗಳು ಕೊನೆಯ ಜ್ವರ ಎದ್ದು, ಪೊರೆ ಕಳಚಿ ಮತ್ತೆ ಮೇಯತೊಡಗಿವೆಯೆಂದು ಅವ್ವ ಹೇಳಿದಳು. ಇಲ್ಲಿ ಆಫೀಸಿನ ಕಿಟಕಿಯ ಪಕ್ಕ ಕಣ್ಣು ಮುಚ್ಚಿದರೆ ಸಾಕು, ತಟ್ಟೆಗಳ ತುಂಬ ಅವು ಸೊಪ್ಪು ಮೇಯುವ ಸರಸರ ಸದ್ದು ಕೇಳಿಸುತ್ತದೆ. ಕಣ್ಣು ತೆರೆದರೆ ಬರೀ ತೆಂಗಿನ ಗರಿ.

ನನ್ನ ಕೆಲಸ ಏನೆಂದು ನೀನು ಪ್ರತಿಸಲ ಕೇಳುತ್ತೀಯ, ನಾನು ನಕ್ಕು ತಪ್ಪಿಸಿಕೊಳ್ಳುತ್ತೇನೆ. ಇವತ್ತು ವಿಜ್ಞಾನದ ಮೇಷ್ಟ್ರಿಗೇ ಪಾಠ ಹೇಳುತ್ತೇನೆ, ಕೇಳು. ಭೂತಗನ್ನಡಿ, ಅಯಸ್ಕಾಂತ ಇರುವ ಪೆಟ್ಟಿಗೆ ಕೊಟ್ಟರೆ ಮಕ್ಕಳು ನಿಜಕ್ಕೂ ಹೆಚ್ಚು ಕಲಿಯುತ್ತಾರೆಯೇ ಎಂದು ತಿಳಿಯಬೇಕು. ಅದಕ್ಕೆ ಅರ್ಧ ಶಾಲೆಗಳಿಗೆ ಈಗ, ಉಳಿದವಕ್ಕೆ ಎರಡು ವರ್ಷ ಬಿಟ್ಟು. ನಡುವೆ ಎಲ್ಲರಿಗೂ ಒಂದೇ ಪರೀಕ್ಷೆ. ಯಾರಿಗೆ ಮೊದಲು ಎಂಬುದು ಚೀಟಿ ಎತ್ತಿದ ಹಾಗೆ, ಯಾರ ಶಿಫಾರಸೂ ನಡೆಯದು. ಎಷ್ಟು ಶಾಲೆ ಬೇಕು, ಹೇಗೆ ವಿಂಗಡಿಸಬೇಕು ಎಂದು ಲೆಕ್ಕ ಹಾಕುವವಳು ನಾನು. ಬೋರ್ಡಿನ ಮೇಲೆ ಸೀಮೆಸುಣ್ಣದ ಭೂತಗನ್ನಡಿ ಬರೆದೇ ಇಷ್ಟು ವರ್ಷ ಪಾಠ ಮಾಡಿದವನು ನೀನು. ಬೇಸಿಗೆಗೆ ನಿವೃತ್ತಿಯಾಗುವ ಮುಂಚೆ ಒಂದು ಸಲ ನಿಜವಾದದ್ದನ್ನು ಮಕ್ಕಳ ಕೈಗೆ ಕೊಡಬೇಕೆಂಬ ನಿನ್ನ ಆಸೆ ನನಗೆ ಗೊತ್ತು.

ಹೋದ ವಾರ ಚೀಟಿ ಎತ್ತಿ ಮುಗಿಸಿ ಶಾಲೆಗಳ ಪಟ್ಟಿಯ ಮುಂದೆ ಕೂತಿದ್ದಾಗ ಮನಸ್ಸು ಎಲ್ಲೆಲ್ಲೋ ತೇಲಿಹೋಯಿತು. ನಾನು ಚಿಕ್ಕವಳಿದ್ದಾಗ ನಮ್ಮ ಸೊಪ್ಪು ಮಿಕ್ಕರೆ ನೀನು ಹೊರೆ ಕಟ್ಟಿ ಕೈಲಾಂಚದ ಬಸ್ಸಿನ ಮೇಲೆ ಹಾಕುತ್ತಿದ್ದೆ. ಮುಂದಿನೂರಿನಲ್ಲಿ ಬೇಕಾದವರು ಇಳಿಸಿಕೊಳ್ಳುತ್ತಿದ್ದರು. "ಹುಳ ಯಾರ್ದಾದ್ರೇನವ್ವ, ಹಸ್ಕೊಂಡು ಇರ್ಬಾರ್ದು" ಎನ್ನುತ್ತಿದ್ದೆ. ನಿನ್ನ ಶಾಲೆಯ ಗ್ಲೋಬು ಕೂಡ ಅದೇ ಬಸ್ಸಿನಲ್ಲಿ ಊರೂರು ಸುತ್ತಿ ಬರುತ್ತಿತ್ತು. ಈ ಪೆಟ್ಟಿಗೆಯೂ ಹಾಗೇ ಸುತ್ತುತ್ತದಲ್ಲ ಅನ್ನಿಸಿತು. ಸಿಕ್ಕಿದ ಶಾಲೆ, ಸಿಗದ ಶಾಲೆ ಎರಡೂ ಒಂದೇ ಆದರೆ ಏನನ್ನು ಹೋಲಿಸುವುದು? ನಮ್ಮ ಆಫೀಸಿನ ಹಿರಿಯರಾದ ಜೈನಬ್ ಮೇಡಂಗೆ ಹೇಳಿದೆ. "ಹಂಗಾದ್ರೆ ಒಂದು ಬಸ್ಸಿನ ಶಾಲೆಗಳಿಗೆಲ್ಲ ಸೇರಿ ಒಂದೇ ಚೀಟಿ ಹಾಕೋಣ ಕಣಮ್ಮ" ಎಂದರು. ಚೀಟಿಗಳು ಕಡಿಮೆಯಾದವೆಂದು ಸೋಲೂರಿನ ಕಡೆಯ ಶಾಲೆಗಳನ್ನೂ ಸೇರಿಸಿಕೊಂಡು ನಿನ್ನೆ ಹೊಸದಾಗಿ ಎತ್ತಿದೆವು.

ಅವ್ವನಿಗೆ ಬಿಸಿಲಲ್ಲಿ ಸೊಪ್ಪು ಕೊಯ್ಯಬೇಡ ಎನ್ನು. ಇಬ್ಬರಿಗೂ ನಮಸ್ಕಾರ.

ನಿನ್ನ ಮಗಳು,
ನಯನಾ

ಮರೆತ ಮಾತು: ಮರೆತದ್ದಲ್ಲ, ಹೇಳಲು ಬಾಯಿ ಬರಲಿಲ್ಲ. ಮೊದಲಿನ ಚೀಟಿಯಲ್ಲಿ ನಿನ್ನ ಶಾಲೆಗೆ ಪೆಟ್ಟಿಗೆ ಬಂದಿತ್ತು ಅಪ್ಪ. ಬಸ್ಸಿನ ವಿಷಯ ನಾನು ಎತ್ತದಿದ್ದರೆ ಅದು ನಿನ್ನ ಕೈ ಸೇರುತ್ತಿತ್ತು. ಈಗ ಕೈಲಾಂಚದ ಬಸ್ಸಿನ ಶಾಲೆಗಳಿಗೆಲ್ಲ ಎರಡು ವರ್ಷದ ನಂತರ. ಕೋಪ ಬಂದರೆ ಬೈದು ಬರೆ, ಸುಮ್ಮನಿರಬೇಡ. ನಿನಗೆಂದು ಕೊಂಡ ಭೂತಗನ್ನಡಿ ನನ್ನ ಟ್ರಂಕಿನಲ್ಲಿದೆ. ಅದು ನಿನ್ನ ತರಗತಿ ಸೇರಿದರೂ ಹೋಲಿಕೆ ಕೆಡುತ್ತದೆ, ಅದನ್ನೂ ಈಗ ತರುವಂತಿಲ್ಲ. ನೀನು ನಿವೃತ್ತನಾದ ದಿನ ತರುತ್ತೇನೆ, ಮನೆಯಲ್ಲೇ ಕೂತು ಹುಳು ನೋಡು. ಬಸ್ಸಿನ ಮೇಲೆ ಮಾತ್ರ ಹಾಕಬೇಡ.