ಕಸ್ತೂರಿ ನುಂಗಿದ ಗುಳಿಗೆ

ಗಿರಿಜೆಯ ಅಪ್ಪನವರಿಗೆ ಶರಣು.

ಮುಖ ನೋಡಿ ಕೇಳಿದರೆ ಮಾತು ಮರೆಸುತ್ತೀರಿ. ಅದಕ್ಕೇ ಇದನ್ನು ಊಟದ ಡಬ್ಬಿಯಲ್ಲಿಟ್ಟಿದ್ದೇನೆ.

ನಿನ್ನೆ ಕೇಶ್ವಾಪುರದಲ್ಲಿ ಕಾಯಿಪಲ್ಲೆ ಕೊಳ್ಳುವಾಗ ಕಸ್ತೂರಿ ಸಿಕ್ಕಿದ್ದಳು. ಅದೇ, ನಿಮ್ಮ ಅಂಗಡಿಯಲ್ಲಿ ದಿನವಿಡೀ ನಿಮ್ಮೆದುರು ಕುಳಿತು ಲೆಕ್ಕ ಬರೆಯುವವಳು. ದನಿ ತಗ್ಗಿಸಿ, "ವೈನಿ, ಸಾಹೇಬ್ರ ಕುಷ್ಠ ನಮಗ ಅಂಟಬಾರದಂತ ಕೊಟ್ಟ ಗುಳಿಗಿ ನುಂಗಿದ ಮ್ಯಾಲೆ, ಒಂದಕ್ಕ ಹೋದಾಗ ನಿಮಗೂ ಕೆಂಪಗಾತೇನ್ರಿ?" ಎಂದಳು.

ಕುಷ್ಠವೂ ಗೊತ್ತಿಲ್ಲ, ಗುಳಿಗೆಯೂ ಗೊತ್ತಿಲ್ಲ. ಆದರೂ "ಹೂಂ, ಆತು" ಎಂದೆ. ಅವಳ ಮುಂದೆ ಸಣ್ಣವಳಾಗಲು ಮನಸ್ಸು ಬರಲಿಲ್ಲ.

ರೋಗಿಯ ಹತ್ತಿರದವರು ಯಾರೆಂದು ಆರೋಗ್ಯ ಕೇಂದ್ರದವರು ಕೇಳಿ, ಅವರಿಗೆಲ್ಲ ಆ ಗುಳಿಗೆ ಕೊಡುತ್ತಾರಂತೆ. ನೀವು ಅವಳ ಹೆಸರು ಹೇಳಿದಿರಿ. ನನಗೆ ಮಾತ್ರ ತೋಳಿನ ಮಚ್ಚೆ ಗಜಕರ್ಣವೆಂದು ಹೇಳಿ, ದಿನಾಲೂ ನನ್ನ ಕೈಯಿಂದಲೇ ಮುಲಾಮು ಹಚ್ಚಿಸಿಕೊಂಡಿರಿ.

ರೋಗಕ್ಕೆ ನಾನು ಹೆದರುವವಳಲ್ಲ. ಔಷಧಿ ತೆಗೆದುಕೊಂಡರೆ ವಾಸಿಯಾಗುತ್ತದೆ.

ಇವತ್ತು ಚಟ್ನಿಪುಡಿ ನಿಮ್ಮೊಬ್ಬರಿಗೆ ಆಗುವಷ್ಟೇ ಇಟ್ಟಿದ್ದೇನೆ. ಸಂಜೆ ಬರುವಾಗ ಆರೋಗ್ಯ ಕೇಂದ್ರಕ್ಕೆ ಹೋಗಿ, ನಿಮ್ಮ ಹತ್ತಿರದವರಲ್ಲಿ ನನ್ನ ಹೆಸರನ್ನೂ ಬರೆಸಿ ಬನ್ನಿ.

ನಿಮ್ಮ ಹೆಂಡತಿ,
ನೀಲಗಂಗಾ