ಹೊಂಡದ ನಾತ

ಮಾರ್ಚ್ 2, ಬೆಳಿಗ್ಗೆ

ಮತ್ತೆ ಅದೇ ನಾತ. ಕೊಳೆತ ಮೊಟ್ಟೆ ಒಡೆದ ಹಾಗೆ. ಹಿತ್ತಲ ಕಿಟಕಿ ಮುಚ್ಚಿದರೆ ಸೆಖೆ, ತೆಗೆದರೆ ಹೊಂಡ. ನಾನು ತೊಗಲು ಉಜ್ಜುತ್ತಿದ್ದ ಟ್ಯಾನರಿ ಬಾಗಿಲು ಹಾಕಿ ಎಷ್ಟೋ ವರ್ಷವಾಯಿತು. ಅದರ ಹೊಂಡ ಮಾತ್ರ ನನ್ನ ಮೂಗಿನ ಕೆಳಗೇ ಕೂತಿದೆ. ಅರ್ಜಿ ಕೊಟ್ಟು ಕೊಟ್ಟು ಚಪ್ಪಲಿ ಸವೆಯಿತು. ಮೊನ್ನೆ ಪುರಸಭೆ ಸಾಹೇಬನ ಮೇಜು ಗುದ್ದಿ ಬಂದೆ. ಕೆಸರು ಎತ್ತಲು ಜೆಸಿಬಿ ಕಳಿಸುತ್ತಾನಂತೆ. ಕಳಿಸಿದ ಮೇಲೆ ನಂಬುತ್ತೇನೆ.

ಮಗು ರಾತ್ರಿಯೆಲ್ಲ ಸೀನಿತು. ನಾತಕ್ಕೇ ಅಂದೆ. ಸೊಸೆ ತಲೆಯೆತ್ತದೆ, "ನೆಗಡಿ ಅತ್ತೆ. ನಾತಕ್ಕೆ ಯಾರೂ ಸೀನಲ್ಲ" ಅಂದಳು. ಎಲ್ಲದಕ್ಕೂ ಉತ್ತರ ಇದೆ ಇವಳ ಹತ್ತಿರ.

ಮಾರ್ಚ್ 9

ಜೆಸಿಬಿಯೂ ಇಲ್ಲ, ಅದರ ಅಪ್ಪನೂ ಇಲ್ಲ. ನಾನೇ ಗುದ್ದಲಿ ಹಿಡಿದು ಇಳಿದೆ. ನಮ್ಮ ಬಾವಿ ಕಡೆಯ ಅಂಚಿನ ಕರಿ ಕೆಸರನ್ನೆಲ್ಲ ಬಾಂಡ್ಲಿಯಲ್ಲಿ ಎತ್ತಿ ದಡಕ್ಕೆ ಸುರಿದೆ. ಸೊಂಟ ಬಿದ್ದು ಹೋಯಿತು. ಹೋಗಲಿ.

ಮಾರ್ಚ್ 16

ದಡದ ಗುಡ್ಡೆ ಒಣಗಿದೆ. ಕರಿ ಹೋಗಿ ತುಕ್ಕಿನ ಬಣ್ಣ. ನಾತ ಇಲ್ಲ! ಸೊಸೆಯನ್ನು ಕರೆದುಕೊಂಡು ಹೋಗಿ ಮೂಸಿಸಿದೆ. "ಸರಿ ಅತ್ತೆ, ನೀವೇ ಜೆಸಿಬಿ" ಅಂದಳು. ಅಪರೂಪಕ್ಕೆ ಒಪ್ಪಿಕೊಂಡಳು.

ಮಾರ್ಚ್ 25

ನಿನ್ನೆ ದಿಢೀರ್ ಮಳೆ. ಇವತ್ತು ಬಾಟಲಿ ಬಂದಳು — ಬೀದಿಯ ಬಾವಿಗಳ ನೀರನ್ನು ಪರೀಕ್ಷೆಗೆ ಒಯ್ಯುವ ಲ್ಯಾಬಿನ ಹುಡುಗಿ. ನಾನಿಟ್ಟ ಹೆಸರು. ಗುಡ್ಡೆ ನೋಡಿ ನಿಂತಲ್ಲೇ ನಿಂತಳು. ಯಾರು ತೆಗೆದದ್ದು ಅಂತ ಕೇಳಿದಳು. ನಾನೇ, ಬಹುಮಾನ ಕೊಡ್ತೀಯಾ ಅಂದೆ. ನಗದೆ, ಕೂರಿಸಿ ಬಿಡಿಸಿ ಹೇಳಿದಳು.

ಟ್ಯಾನರಿಯಲ್ಲಿ ಕೂದಲು ಉದುರಲಿ ಅಂತ ಸುಣ್ಣದ ಜೊತೆ ಹಳದಿ ಪುಡಿ ಕಲಸಿ ತೊಗಲಿಗೆ ಬಳಿಯುತ್ತಿದ್ದೆವು. ಅದೇ ಆರ್ಸೆನಿಕ್ ಅಂತೆ. ವಿಷ. ತೊಳೆದ ನೀರೆಲ್ಲ ಆ ಹೊಂಡಕ್ಕೇ ಹೋಗುತ್ತಿತ್ತು. ಆಮೇಲೆ ಜೊಂಡು ಬೆಳೆಯಿತು, ಎಲೆ ಬಿತ್ತು, ಕೊಳೆಯಿತು. ಗಾಳಿಯಾಡದ ಆ ಕೆಸರಲ್ಲಿ ಕಣ್ಣಿಗೆ ಕಾಣದ ಜೀವಿಗಳು ಕೊಳೆತದ್ದನ್ನು ತಿಂದು ಮೊಟ್ಟೆ ನಾತದ ಗಾಳಿ ಬಿಡುತ್ತವೆ. ಆ ಗಾಳಿ ವಿಷವನ್ನು ಹಿಡಿದು, ನೀರಲ್ಲಿ ಕರಗದ ಹಾಗೆ ಗಟ್ಟಿ ಮಾಡಿ ಕೂರಿಸುತ್ತದಂತೆ. ಒಂದಷ್ಟನ್ನು ಕೊಳೆತ ಎಲೆಯೇ ಹಿಡಿದಿಟ್ಟುಕೊಳ್ಳುತ್ತದೆ. ಕೆಸರು ಮೇಲೆ ಬಂದು ಒಣಗಿದರೆ ಹಿಡಿತ ಸಡಿಲ. ಮಳೆ ಬಂದರೆ ಇಳಿದು ಬಾವಿಗೆ.

"ಆ ನಾತಾನೇ ನಿಮ್ಮ ಬಾವಿ ಕಾಯ್ತಿತ್ತು ಅಜ್ಜಿ."

ಕುದಿಸಿ ಕುಡಿಯುತ್ತೇವಲ್ಲ ಅಂದೆ. ಕುದಿಸಿದರೆ ಹೋಗುವಂಥದ್ದಲ್ಲ ಅಂದಳು. ಮಗುವಿಗೆ ನೀರು ಕುಡಿಸಲು ಶುರು ಮಾಡಿದ್ದೇ ಈ ತಿಂಗಳು.

ಸಂಜೆ — ಸೊಸೆ ಬೈಯಲಿಲ್ಲ. ಬಿಂದಿಗೆ ಎತ್ತಿಕೊಂಡು ಬೀದಿ ನಲ್ಲಿಗೆ ಹೋದಳು, ಅಷ್ಟೇ. ಬೈದಿದ್ದರೆ ತಿರುಗಿ ಬೈದಾದರೂ ಹಗುರಾಗುತ್ತಿದ್ದೆ.

ಮಾರ್ಚ್ 27

ಬಾಟಲಿ ಬೂಟು, ಕೈಗವಸು, ಜೊತೆಗೆ ಇಬ್ಬರು ಆಳುಗಳನ್ನು ತಂದಿದ್ದಳು. ಅಜ್ಜಿ, ನೀವು ಕೂತಿರಿ ಅಂದಳು. ಎತ್ತಿದವಳು ನಾನು, ಇಳಿಸುವವಳೂ ನಾನೇ. ಗುಡ್ಡೆಯನ್ನೆಲ್ಲ ಮೆಲ್ಲಗೆ ನೀರಿನಡಿಗೆ ಇಳಿಸಿದೆವು. ಮೇಲೆ ಒಣ ಎಲೆ, ಹುಲ್ಲು — ಜೀವಿಗಳಿಗೆ ಮೇವು. ಸೊಸೆಯೂ ಎಲೆ ಮೂಟೆ ಹೊತ್ತು ತಂದಳು.

ಆಗ ಬಂತು ಜೆಸಿಬಿ! ಇಷ್ಟು ದಿನ ಸತ್ತಿತ್ತೇನೋ. ಬಕೆಟ್ಟಿನ ಎದುರು ಹೋಗಿ ನಿಂತೆ. ಡ್ರೈವರ್ ಕಾಗದ ತೋರಿಸಿದ.

"ಅಮ್ಮ, ಅರ್ಜಿ ನಿಮ್ದೇ. ಹೆಬ್ಬೆಟ್ಟಿನಷ್ಟು ದಪ್ಪ ಸಹಿ ಬೇರೆ ಇದೆ."

"ಅರ್ಜಿ ಹಾಕಿದ ಮುದುಕಿ ಸತ್ತಳು. ಗಾಡಿ ತಿರುಗಿಸು."

ಹಿಂದೆ ಸೊಸೆ ಕಿಸಕ್ಕನೆ ನಕ್ಕಳು. ಎರಡು ದಿನದ ಮೇಲೆ.

ಏಪ್ರಿಲ್ 4

ಬಾಟಲಿ ಫೋನು. ಮಳೆಯ ಮಾರನೇ ದಿನ ಒಯ್ದ ನೀರು ಚೆನ್ನಾಗಿದೆ. ಆದರೆ ನೆಲದಡಿ ನೀರು ನಿಧಾನ ನಡೆಯುತ್ತದೆ, ಇನ್ನೊಂದು ಸಲ ನೋಡುವವರೆಗೆ ಮುಟ್ಟಬೇಡಿ ಅಂದಳು. ಅರ್ಧ ಜೀವ ಬಂತು. ಇನ್ನರ್ಧ ಬಾವಿಯಲ್ಲೇ ಇದೆ.

ಏಪ್ರಿಲ್ 13

ದಿನಾ ಬೆಳಿಗ್ಗೆ ಹೊಂಡದ ದಡದಲ್ಲಿ ನಿಂತು ಮೂಸುತ್ತೇನೆ, ನಾಯಿ ಹಾಗೆ. ಏನೂ ಇಲ್ಲ. ಬರೀ ಹುಲ್ಲಿನ ವಾಸನೆ. ಬಾಟಲಿ ಎರಡನೇ ಸಲ ನೀರು ಒಯ್ದಳು. ಜೀವಿಗಳು ನನ್ನ ಮೇಲೆ ಮುನಿಸಿಕೊಂಡಿವೆಯೋ ಏನೋ... ಎಷ್ಟು ಶಾಪ ಹಾಕಿದ್ದೇನೆ ಅವಕ್ಕೆ.

ಮೇ 1

ಕಣ್ಣು ಬಿಡುವ ಮೊದಲೇ ಮೂಗಿಗೆ ಬಡಿಯಿತು. ಕೊಳೆತ ಮೊಟ್ಟೆ! ಎಲ್ಲ ಕಿಟಕಿ ತೆಗೆದೆ. ಸೊಸೆಯನ್ನು ಎಬ್ಬಿಸಿದೆ. ಮಗುವನ್ನು ಎತ್ತಿಕೊಂಡು ಹಿತ್ತಲ ಬಾಗಿಲಲ್ಲಿ ನಿಂತೆ. ಸೀನಿತು.

"ನೆಗಡಿ ಅತ್ತೆ," ಅಂದಳು ಸೊಸೆ. ಅವಳ ಕಣ್ಣು ಒದ್ದೆ.

ಮಧ್ಯಾಹ್ನ — ಬಾಟಲಿ ತಾನೇ ಬಂದಳು. ಎರಡನೇ ನೀರೂ ಚೆನ್ನಾಗಿದೆ. ಕುಡಿಯಬಹುದು. ಅವಳಿಗೆ ನಾತ ಹೇಗಿದೆ ನೋಡು ಅಂದೆ. ಮೂಗು ಮುಚ್ಚಿಕೊಂಡು, ಭರ್ಜರಿ ಅಜ್ಜಿ ಅಂದಳು.

ಬಾವಿಗೆ ಹಗ್ಗ ಇಳಿಸಿದೆ. ಒಂದು ಬಿಂದಿಗೆ ಸೇದಿದೆ. ಮೊದಲ ಲೋಟ ನನಗೆ, ಏನಾದರೂ ಆಗುವುದಿದ್ದರೆ ಮುದುಕಿಗೆ ಆಗಲಿ ಅಂದೆ. ಸೊಸೆ ಲೋಟ ಕಿತ್ತುಕೊಂಡು ಗಟಗಟ ಕುಡಿದೇಬಿಟ್ಟಳು. ಬಾಯಿ ಒರೆಸಿಕೊಂಡು, ಇನ್ನೊಂದು ಲೋಟ ತುಂಬಿ ನನ್ನ ಮುಂದೆ ಹಿಡಿದಳು. ಬೈಯೋಣ ಅಂತ ಬಾಯಿ ತೆರೆದೆ — ತೆರೆದ ಬಾಯಿಗೆ ಆ ನೀರನ್ನೇ ಸುರಿದುಕೊಂಡೆ.